ಕುಂಡಯಿಯ ಶೆಡ್ಡಿನೊಳಗ ಒಂದು ಅಳತಿ

ಬೊನಿಫಾಸ್ ಕೊಲಾಸೊ ಶೆಡ್ಡಿಗೆ ಬಂದಾಗ
ಹೆಗಲೆಲುಬು ಇನ್ನೂ ಕೂಡಿರಲಿಲ್ಲ.
ಎಡಗೈ ಕೊರಳಿನ ಜೋಲಿಯೊಳಗ.
ಟೆಂಪೋದ ಮ್ಯಾಲ ಹಗ್ಗ ಬಿಗಿದ ನಾಕು ಗಾಲಿಯ ಬೈಕು,
ಹ್ಯಾಂಡಲ್ಲು ಸೊಟ್ಟ, ಮೂತಿ ತುಂಬ ಕೆಮ್ಮಣ್ಣು.

"ಹಿಂದಿನ ಸ್ವಿಂಗ್ ಆರ್ಮು ಉದ್ದ ಮಾಡು, ದ್ಯಾವಪ್ಪ.
ನಾಕು ಇಂಚು. ಆರಾದರೂ ನಡೀತದ.
ಇನ್ನೊಮ್ಮೆ ಅದು ನನ್ನ ಮ್ಯಾಲ ಎದ್ದು ನಿಂದರಬಾರದು."

ಲಗೂನ ಟೇಪು ತಗೀಲಿಲ್ಲ ನಾನು. ಚಾ ಹೇಳಿದೆ.
ಕುಂಡಯಿಯೊಳಗ ಏಪ್ರಿಲ್ ಅಂದ್ರ
ತಗಡಿನ ಕೆಳಗ ವೆಲ್ಡಿಂಗಿನ ಕಿಡಿಗೂ ಬೆವರು.
ಬೇಲಿ ಆಚೆ ಯಾರೋ ಗೋಡಂಬಿ ಹಣ್ಣು ತುಳಿದು ಬಿಟ್ಟಿದ್ರು,
ಹುಳಿ ವಾಸನಿ, ನೊಣ.
ಎಲ್ಲಿ ಬಿದ್ದಿ, ಕೇಳಿದೆ.
ರಿವಣದ ಆಚೆ, ನಿಂತುಹೋದ ಗಣಿಯ ದಿಬ್ಬ.
ಅರ್ಧ ಏರಿದ್ದ. ಹೆಬ್ಬೆರಳು ಪೂರಾ ಒತ್ತಿದ್ದ.
ಮುಂದಿನ ಗಾಲಿ ಎರಡೂ ಆಕಾಶಕ್ಕ ಕೈ ಮುಗಿದವಂತ.
ಆಮ್ಯಾಲ ಆಕಾಶನ ಮೈಮ್ಯಾಲ ಬಿತ್ತು.

ಕೇಳಿಲ್ಲೆ, ಅಂದೆ.
ತೋಳು ಉದ್ದ ಆತಂದ್ರ ಅಚ್ಚು ಹಿಂದಕ್ಕ ಸರೀತದ,
ಮೂತಿ ನೆಲಾ ಬಿಡೂದಿಲ್ಲ. ಏರಿಗೆ ಚಲೋ, ಒಪ್ಪಿದೆ.
ಆದರ ತಿರುವಿಗೆ ಬಂದಾಗ ಅದು ಕಬ್ಬಿನ ಜೋಡಿ ಟ್ರ್ಯಾಲಿ.
ದಿಬ್ಬದ ನೆತ್ತಿ ದಾಟುವಾಗ ಹೊಟ್ಟಿ ಕಲ್ಲಿಗೆ ತಾಗತದ.
ಕೆಸರಿನೊಳಗ ಹಿಂದಿನ ಟಾಯರು ಹಲ್ಲು ಊರೂದಿಲ್ಲ.
ಸನ್ನಿ ಉದ್ದಾದಷ್ಟು ಸ್ಪ್ರಿಂಗು ಮೆತ್ತಗ,
ಚೈನಿಗೆ ಹೆಚ್ಚಿನ ಕೊಂಡಿ, ಬ್ರೇಕಿಗೆ ಹೊಸಾ ಪೈಪು.
ಉದ್ದ ಅನ್ನೂದು ಪುಕ್ಕಟ ಬರೂದಿಲ್ಲಪಾ.

ಮೊಬೈಲಿನೊಳಗ ಮರಳುಗಾಡಿನ ಗಾಡಿ ತೋರಿಸಿದ,
ಹಲ್ಲಿ ಬಾಲದಂಗ ಹಿಂದಕ್ಕ ಚಾಚಿದ್ದು.
ಅಲ್ಲಿ ಗೋಡಂಬಿ ಗಿಡ ಇಲ್ಲ, ಅಂದೆ.

ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಕಡೆ ಮಾತು.
ಕೊಂಕಣಿಯೊಳಗ ಹೇಳಾಕ ಹೋದೆ, ಅರ್ಧಕ್ಕ ಹರೀತು.
"ಹಾಸಿಗಿ ಯಾಕ ಬಂತು?" ಕೇಳಿದ ಅವನು, ಖರೇನ.

ಐತವಾರ ಇಬ್ಬರೂ ಹಾಸಿಗಿ ನೋಡಾಕ ಹೋದಿವಿ,
ಅವನ ಭಾವನ ಜೀಪಿನೊಳಗ.
ಎರಡು ಗಿಡದ ನಡುವ ಟೇಪು ಹಿಡಿದೆ:
ಐದು ಫೂಟಿಗೆ ಒಂದು ಬೆರಳು ಕಮ್ಮಿ.
ಅದರ ಮುಂದ ಬಲಕ್ಕ, ಕೂಡಲೇ ಎಡಕ್ಕ, ಒಂದು ಬತ್ತಿದ ಹಳ್ಳ.
ಎಣಿಸಿಕೋತ ಹ್ವಾದೆ. ಹದಿನಾಕು ತಿರುವು.
ಏರು ಒಂದು.
ಒಂದು ಏರಿನ ಸಲುವಾಗಿ ಹದಿನಾಕು ಕಡೆ ದಂಡ ಕಟ್ತೀಯೇನು,
ಅಂತ ಹೊಳ್ಳಿ ನೋಡಿದರ
ಬೊನಿಫಾಸ್ ಜೀಪಿನಿಂದ ಇಳಿದೇ ಇರಲಿಲ್ಲ.

ದಿಬ್ಬದ ಬುಡದಾಗ ಅವನ ಮಡ್‌ಗಾರ್ಡಿನ ಚೂರು ಬಿದ್ದಿತ್ತು,
ಬಿಸಿಲಿಗೆ ಬಣ್ಣ ಬಿಡಾಕ ಹತ್ತಿತ್ತು. ತಂದು ಕೊಟ್ಟೆ.
ತೊಡಿ ಮ್ಯಾಲ ಇಟಗೊಂಡ, ನೋಡಲಿಲ್ಲ.
ಆವಾಗ ತಿಳೀತು ನನಗ,
ಆ ನಾಕು ಇಂಚಿನೊಳಗ ಎರಡು ಅಂಜಿಕಿಯವು.
ಅದಕ್ಕ ಪೈಪು ಕೊಯ್ಯಾಕ ಬರೂದಿಲ್ಲ.

ಸಾಲಿ ಚೊಣ್ಣದ ಅಂಚಿನೊಳಗ ಎರಡು ಇಂಚು
ಮಡಚಿ ಹೊಲಸಾಕಿ ನಮ್ಮವ್ವ.
ಬೆಳೀತಾನ, ಬಿಚ್ಚಿದರಾತು, ಅನ್ನಾಕಿ.
ದರ್ಜಿ ಗೊಣಗಾಂವ. ನಾನೂ ಗೊಣಗಾಂವ,
ತೊಡಿಗೆ ದಪ್ಪ ತಿಕ್ಕತಿತ್ತು.

ಎರಡು ಇಂಚು ಮಾಡಿದೆ.
ಮೂರು ದಿವಸ ಹಿಡೀತು, ಚೌಕಟ್ಟಿಗೆ ಕಟ್ಟಿ,
ಅಡ್ಡ ಉದ್ದ ಎರಡೂ ಕಡೆ ಗುಂಡು ಬಿಟ್ಟು ನೋಡಿ,
ಬೆಸುಗಿ ತಾನಾಗಿ ತಣ್ಣಗ ಆಗಲಿ ಅಂತ ಬಿಟ್ಟು.
ಚೈನಿಗೆ ಆರು ಕೊಂಡಿ ಹೆಚ್ಚು ಹಾಕಿದೆ.
ಅಚ್ಚಿನ ಕಂಡಿ ಮಾತ್ರ ಇನ್ನರ್ಧ ಇಂಚು ಹಿಂದಕ್ಕ ಕೊರೆದಿಟ್ಟೆ.
ಬಿಲ್ಲಿನೊಳಗ ಅದನ್ನ ಬರೀಲಿಲ್ಲ.
ಏರುವಾಗ ಎದಿ ಹ್ಯಾಂಡಲ್ಲಿಗೆ ತಾ, ಹೆಬ್ಬೆರಳು ಸಡಿಲ ಬಿಡು,
ಉಳಿದ ಎರಡು ಇಂಚು ಅಲ್ಲೇ ಅದಾವ, ಅಂದೆ.
ರೊಕ್ಕ ಎಣಿಸಿದ, ತಲಿ ಹಾಕಿದ.

ಜೂನಿನಾಗ ಬಂದ, ಎರಡೂ ಕೈ ಬೀಸಿಕೋತ,
ರೇನ್‌ಕೋಟಿನಿಂದ ನೀರು ಸುರೀತಿತ್ತು.
ತಿರುವು ಹೆಂಗ?
"ಹದಿನಾಕಕ್ಕ ಹದಿನಾಕು! ಬೆಣ್ಣಿ."
ಏರು?
ಬೊನಿಫಾಸ್ ಬಗ್ಗಿದ, ಗಾಲಿ ಹಂತ್ಯಾಕ ಕುಂತ,
ಬೆರಳಿನಿಂದ ಒತ್ತಿ ನೋಡಿದ.
"ಚೈನು ತುಸು ಸಡಿಲ ಆಗೇದ," ಅಂದ,
"ನೋಡ್ತೀಯೇನು?"